ಅಮ್ಮನ ಕೈಗೆ ಬಗ್ಗದ ಮುಚ್ಚಳ

ಮುಚ್ಚಳ ತೆರೆಯಲಾಗದೆ ಪರದಾಡದ ಮನೆ ಯಾವುದಿದೆ ಹೇಳಿ. ಬಟ್ಟೆ ಸುತ್ತಿ ತಿರುಗಿಸುತ್ತೇವೆ, ಬಾಗಿಲ ಸಂದಿಗೆ ಸಿಕ್ಕಿಸುತ್ತೇವೆ, ಹಲ್ಲಿನಲ್ಲಿ ಕಚ್ಚುತ್ತೇವೆ. ಕೊನೆಗೆ ಮನೆಯಲ್ಲಿ ಗಟ್ಟಿ ಕೈ ಯಾರದೋ ಅವರನ್ನು ಕರೆಯುತ್ತೇವೆ. ಅವರು ಒಂದೇ ಸಲಕ್ಕೆ ತೆಗೆದುಕೊಟ್ಟು, ಇಷ್ಟಕ್ಕೇ ಇಷ್ಟು ರಂಪವೇ ಎಂಬಂತೆ ನಮ್ಮ ಮುಖ ನೋಡುತ್ತಾರೆ.

ನಮ್ಮ ಬೀದಿಯಲ್ಲಿ ಹಾಗೆ ನೋಡುತ್ತಿದ್ದವನು ಮುಚ್ಚಳದ ಮೇಸ್ತ್ರಿ. ಔಷಧಿ ಬಾಟಲಿಗೆ ಮುಚ್ಚಳ ತಯಾರಿಸುವ ದೊಡ್ಡ ಕಂಪನಿಯಲ್ಲಿ ಒಂದು ಇಡೀ ಶೆಡ್ಡಿಗೆ ಅವನೇ ಮೇಲ್ವಿಚಾರಕ. ಕೆಲಸ ಕೇಳಿ ಬಂದವರ ಕೈ ಕುಲುಕುವುದೇ ಅವನ ಸಂದರ್ಶನ. ಯಾರ ಹಿಡಿತಕ್ಕೆ ಅವನ ಬೆರಳು ನೊಂದಿತೋ ಅವರಿಗೆ ಕೆಲಸ. ಹೀಗೆ ಆರಿಸಿ ಆರಿಸಿ ಶೆಡ್ಡಿನ ತುಂಬ ಇಕ್ಕಳದಂಥ ಕೈಗಳೇ ಸೇರಿಕೊಂಡಿದ್ದವು. ತಯಾರಾದ ಮುಚ್ಚಳವನ್ನು ತಿರುಗಿಸಿ ನೋಡಿ ಸರಿಯಿದೆ ಎನ್ನುವವರೂ ಅವರೇ. ಅವರಿಗೆ ಯಾವ ಮುಚ್ಚಳ ತಾನೇ ಬಿಗಿ? "ನಮ್ಮ ಮುಚ್ಚಳ ಒಂದು ಹನಿ ಸೋರಲ್ಲ" ಎಂದು ಮೇಸ್ತ್ರಿ ಎದೆಯುಬ್ಬಿಸಿ ಹೇಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಅವನ ಅಮ್ಮನಿಗೆ ಸಂಧಿವಾತ. ಬೆರಳ ಗೆಣ್ಣುಗಳೆಲ್ಲ ಊದಿ ಗಂಟಾಗಿದ್ದವು. ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇದ್ದಾಗ ಅವರಿಗೆ ಉಬ್ಬಸ ಎದ್ದಿತು. ಮಾತ್ರೆ ಬಾಟಲಿ ಕೈಯಲ್ಲೇ ಇದೆ, ಮುಚ್ಚಳ ಮಿಸುಕುತ್ತಿಲ್ಲ. ಗೋಡೆ ಹಿಡಿದು, ಮೆಟ್ಟಿಲಿಳಿದು, ಹೇಗೋ ಎದುರುಮನೆ ಬಾಗಿಲು ಬಡಿದರು. ಅಲ್ಲಿನ ಅಕ್ಕ ಅಂದು ರಜೆಯಲ್ಲಿದ್ದದ್ದು ಪುಣ್ಯ. ಅವರು ಮುಚ್ಚಳ ತೆಗೆದು ಮಾತ್ರೆ ನುಂಗಿಸಿದರು.

ಸಂಜೆ ವಿಷಯ ತಿಳಿದ ಮೇಸ್ತ್ರಿ ಅಮ್ಮನ ಪಕ್ಕ ಬಂದು ಕೂತ.

"ನನಗೊಂದು ಫೋನ್ ಮಾಡಬಾರದಿತ್ತಾ ಅಮ್ಮ?"

"ಉಸಿರೇ ಇಲ್ಲ, ಮಾತೆಲ್ಲಿಂದ ಬರಬೇಕಪ್ಪ?"

ಅವನು ಬಾಟಲಿ ಎತ್ತಿಕೊಂಡು ಮುಚ್ಚಳ ನೋಡಿದ. ಅದರ ಮೇಲೆ ಅವನದೇ ಕಂಪನಿಯ ಗುರುತಿತ್ತು.

ಅಮ್ಮನನ್ನು ವಿಚಾರಿಸಲು ಬಂದಿದ್ದ ಎದುರುಮನೆ ಅಕ್ಕನೂ ಅದೇ ಕಂಪನಿಯವರು, ನೇಮಕಾತಿ ವಿಭಾಗದಲ್ಲಿದ್ದರು. ಅವರು ಮೆಲ್ಲಗೆ ಕೇಳಿದರು, "ಮೇಸ್ತ್ರಿಗಳೇ, ಅಮ್ಮನ್ನ ನಮ್ಮ ಕಂಪನಿಗೆ ಕೆಲಸಕ್ಕೆ ಕಳಿಸ್ತೀರಾ?"

"ತಮಾಷೆ ಮಾಡ್ತೀರಾ? ಮುಚ್ಚಳ ತೆಗೆಯೋಕಾಗದವರಿಗೆ ಅಲ್ಲೇನು ಕೆಲಸ ಅಕ್ಕ?"

"ತೆಗೆಯೋಕಾಗಲ್ಲ ಅಂತ ಹೇಳೋ ಕೆಲಸ."

ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. ಅಕ್ಕ ಕುರ್ಚಿ ಎಳೆದುಕೊಂಡು ಕುಳಿತರು.

"ಆಸ್ಪತ್ರೆಯವರು ಒಬ್ಬೊಬ್ಬರಾಗಿ ನಮ್ಮ ಮುಚ್ಚಳ ಬೇಡ ಅಂತಿದ್ದಾರೆ. ರೋಗಿಗಳಿಗೆ ತೆಗೆಯೋಕಾಗ್ತಿಲ್ಲವಂತೆ. ಮಾಡೋರು ಒಂದೇ ಥರ, ಕೊಳ್ಳೋರು ನೂರು ಥರ. ಹೀಗೇ ಇದ್ದರೆ ವ್ಯಾಪಾರ ಕೈತಪ್ಪುತ್ತೆ ಅಂತ ಮೇಲಿನವರಿಗೂ ಗೊತ್ತಾಗಿದೆ. ಅದಕ್ಕೇ ಇನ್ಮೇಲೆ ವಿನ್ಯಾಸ, ಯಂತ್ರ, ಮಾರಾಟ, ಮೇಲಿನ ಕುರ್ಚಿ, ಎಲ್ಲ ಕಡೆಗೂ ಎಲ್ಲ ಥರದವರನ್ನೂ ತಗೋಬೇಕು ಅಂತ ಆಗಿದೆ. ಮುಚ್ಚಳ ತೆಗೆದು ನೋಡೋ ಹೊಸ ಪರೀಕ್ಷೆ ಕೋಣೆಯಿಂದ ಶುರು."

"ಕನಿಕರದ ಕೆಲಸ ನಮಗೆ ಬೇಡ."

"ಕನಿಕರ ಆಗಿದ್ರೆ ನಾನೇ ಬೇಡ ಅಂತಿದ್ದೆ. ಎಲ್ಲರಿಗಿರೋ ನಿಯಮವೇ, ಎಲ್ಲರಿಗಿರೋ ಸಂಬಳವೇ. ಆ ಕೋಣೆಯವರು ಒಪ್ಪದೆ ಒಂದು ಮುಚ್ಚಳ ಹೊರಗೆ ಹೋಗಲ್ಲ."

"ಮೇಸ್ತ್ರಿ ಮುಚ್ಚಳ ಅವರಮ್ಮನಿಗೇ ತೆಗೆಯೋಕಾಗಲ್ಲ ಅಂತ ಎಲ್ಲ ನಗ್ತಾರೆ."

ಅಮ್ಮ ನಡುವೆ ಬಾಯಿ ಹಾಕಿದರು. "ನಗಲಿ ಬಿಡು. ಇವತ್ತು ನಾನು ಸತ್ತಿದ್ರೆ ಅಳ್ತಿದ್ರು. ಅದಕ್ಕಿಂತ ನಗೋದೇ ವಾಸಿ."

ಅಮ್ಮ ಕೆಲಸಕ್ಕೆ ಸೇರಿಯೇಬಿಟ್ಟರು. ಮೇಸ್ತ್ರಿಗೆ ಮಾತ್ರ ಮುಖ ಇಷ್ಟು ದಪ್ಪ. ಒಂದೇ ಬಸ್ಸಿನಲ್ಲಿ ಹೋದರೂ ಬೇರೆ ಸೀಟು ಹುಡುಕಿಕೊಳ್ಳುತ್ತಿದ್ದ.

ಒಂದು ದಿನ ಅವನ ಶೆಡ್ಡಿನ ಹೊಸ ಮುಚ್ಚಳಗಳು ಪರೀಕ್ಷೆಗೆ ಹೋದವು. ಮೇಸ್ತ್ರಿ ಶೆಡ್ಡಿನ ಮೂಲೆಯಲ್ಲಿದ್ದ ಪರೀಕ್ಷೆ ಕೋಣೆಯ ಗಾಜಿನ ಹೊರಗೆ ನಿಂತ. ಒಳಗೆ ಉದ್ದ ಮೇಜು. ಒಂದೇ ಕೈಯಿರುವ ಒಬ್ಬ ಮಾಜಿ ಚಾಲಕ ಆ ಮೇಜಿನ ಮುಖ್ಯಸ್ಥ. ಅವನ ಪಕ್ಕ ಎಡಗೈ ಬಳಸುವ ತರುಣಿ, ಕಣ್ಣು ಮಂಜಾದ ನಿವೃತ್ತ ಗುಮಾಸ್ತ, ಕೂಸಿನ ತಾಯಿ. ಕೊನೆಯಲ್ಲಿ ಅವನ ಅಮ್ಮ. ಅವನಿಗೆ ಕಂಡದ್ದು ಬರೀ ಕೈಗಳು. ನಡುಗುವ ಕೈ, ಸುಕ್ಕಾದ ಕೈ, ಎಳೆಯ ಕೈ. ಅಷ್ಟು ಬಗೆಯ ಕೈಗಳನ್ನು ಒಂದೇ ಕಡೆ ಅವನು ನೋಡಿಯೇ ಇರಲಿಲ್ಲ. ಎಷ್ಟೋ ಹೊತ್ತು ಅವನಿಗೆ ಕಣ್ಣು ಕೀಳಲಾಗಲಿಲ್ಲ.

ಅಮ್ಮನ ಸರದಿ ಬಂತು. ತಿರುಗಿಸಿದರು. ಮತ್ತೆ ತಿರುಗಿಸಿದರು. ಗಾಜಿನಾಚೆಯಿಂದ ಮಗನ ಮುಖ ನೋಡಿದರು. ಹೇಗೋ ಆಯಿತು ಅಂದುಬಿಡಮ್ಮ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಅಮ್ಮ ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ನನ್ನ ಕೈಲಿ ಆಗಲ್ಲ."

ಒಂದೇ ಕೈಯ ಮುಖ್ಯಸ್ಥ ಫೋನೆತ್ತಿ ಎರಡು ಮಾತಾಡಿದ. ಅಷ್ಟೇ, ಶೆಡ್ಡಿನ ಯಂತ್ರಗಳು ಒಂದೊಂದಾಗಿ ನಿಂತವು. ಮುಚ್ಚಳಗಳ ಹೊಳೆ ಬೆಲ್ಟಿನ ಮೇಲೆ ನಿಂತಲ್ಲೇ ನಿಂತಿತು. ಯಂತ್ರ ಕೆಟ್ಟಾಗಲೂ, ಮಾಲೀಕರು ಬಂದಾಗಲೂ ಪೂರ್ತಿ ನಿಲ್ಲದ ಶೆಡ್ಡು ಅದು. ಅಲ್ಲಿ ಈಗ ಫ್ಯಾನ್ ತಿರುಗುವ ಸದ್ದೂ ಕೇಳುತ್ತಿತ್ತು. ನೂರಾರು ಜನ ತಲೆಯೆತ್ತಿ ಗಾಜಿನ ಕೋಣೆಯ ಕಡೆ ನೋಡಿದರು. ಯಾರೂ ನಗಲಿಲ್ಲ.

ಮೇಸ್ತ್ರಿ ಶೆಡ್ಡಿನ ಕಡೆ ತಿರುಗಿ ನೋಡಿದ. ಇಷ್ಟು ದೊಡ್ಡ ಕಂಪನಿ ತನ್ನ ಅಮ್ಮನ ನೋಯುವ ಬೆರಳಿಗೆ ಕಾದು ನಿಂತಿದೆ. ಆ ಬೆಲ್ಟಿನ ಮೇಲಿದ್ದ ಒಂದೊಂದು ಮುಚ್ಚಳವೂ ಒಂದೊಂದು ಮನೆಗೆ ಹೋಗುವಂಥದ್ದು. ಆ ಮನೆಗಳಲ್ಲೂ ಮಧ್ಯಾಹ್ನ ಒಬ್ಬರೇ ಇರುವ ಅಮ್ಮಂದಿರಿದ್ದಾರೆ ಎಂದು ಅವನಿಗೆ ಆಗ ಹೊಳೆಯಿತು. ಅವರೆಲ್ಲರ ಎದುರುಮನೆಯಲ್ಲಿ ಅಕ್ಕ ಇರುವುದಿಲ್ಲ. ಅವನ ಕಣ್ಣು ತುಂಬಿಬಂತು.

ಮಾರನೆಯ ದಿನದಿಂದ ಮೇಸ್ತ್ರಿಯೂ ಆ ಮೇಜಿಗೆ ಬಂದು ಕೂತ. ಜಗಳವೇನೂ ಕಡಿಮೆ ಆಗಲಿಲ್ಲ. "ಅಜ್ಜಿಗೆ ಸುಲಭ ಆದ್ರೆ ನನ್ನ ಕೂಸಿಗೂ ಸುಲಭ. ಅದು ಮಾತ್ರೆ ನುಂಗಿದ್ರೆ?" ಎಂದಳು ತಾಯಿ. "ಎರಡು ಕೈ ಬೇಕಾದ್ರೆ ನಾನೇನು ಮಾಡಲಿ?" ಎಂದ ಮುಖ್ಯಸ್ಥ. ಎಲ್ಲರೂ ಹಗ್ಗಜಗ್ಗಾಡಿ, ಮಾಡಿ, ಕೆಡಿಸಿ, ಕೊನೆಗೆ ಎರಡೂ ಪಕ್ಕಕ್ಕೆ ಕಿವಿಯಂತೆ ಅಗಲ ಹಿಡಿ ಚಾಚಿದ ಮುಚ್ಚಳವೊಂದು ಹುಟ್ಟಿತು. ದೊಡ್ಡವರು ಒಂದೇ ಅಂಗೈಯಿಂದ ಎರಡೂ ಕಿವಿ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಮಗುವಿನ ಪುಟ್ಟ ಅಂಗೈಗೆ ಎರಡು ಕಿವಿಯೂ ಒಟ್ಟಿಗೆ ನಿಲುಕುವುದಿಲ್ಲ, ಎರಡು ಕೈ ಹಚ್ಚಿದರೂ ಒತ್ತುವಷ್ಟು ಮೈಭಾರ ಅದಕ್ಕಿಲ್ಲ. ಬೇಡವೆಂದಿದ್ದ ಆಸ್ಪತ್ರೆಗಳು ಮತ್ತೆ ಕೇಳಿಕೊಂಡು ಬಂದವು.

ಮೊದಲ ಬಾಟಲಿಯನ್ನು ಅಮ್ಮನೇ ಒತ್ತಿದರು. ಟಕ್ಕೆಂದು ತೆರೆಯಿತು. ಮುಚ್ಚಿದರು, ಮತ್ತೆ ತೆರೆದರು, ಆಟದ ಸಾಮಾನು ಸಿಕ್ಕಿದವರ ಹಾಗೆ ಒಂದಿಷ್ಟು ಹೊತ್ತು ಅದನ್ನೇ ಮಾಡುತ್ತ ಕೂತರು.

ಈಗಲೂ ಕೆಲಸ ಕೇಳಿ ಬಂದವರಿಗೆ ಮೇಸ್ತ್ರಿ ಕೈ ಕೊಡುತ್ತಾನೆ, ಹಿಸುಕುವುದಿಲ್ಲ. ಮೊನ್ನೆ ಬಂದ ಹೆಂಗಸೊಬ್ಬರು ಕೈ ಹಿಂದಕ್ಕೆಳೆದುಕೊಂಡು, "ನನ್ನ ಹಿಡಿತ ಅಷ್ಟು ಗಟ್ಟಿಯಿಲ್ಲ ಸರ್" ಎಂದರು.

"ಒಳಗೆ ಬನ್ನಿ. ಯಾವುದು ಕಷ್ಟ ಅಂತ ನೀವು ಹೇಳದೆ ನಮಗೆ ಹೇಗೆ ಗೊತ್ತಾಗಬೇಕು?" ಎಂದು ಅವನೇ ಕುರ್ಚಿ ಸರಿಸಿಕೊಟ್ಟ.

ಓದಿದಿರಲ್ಲ, ಈಗ ನಿಮ್ಮನ್ನೊಂದು ಮಾತು ಕೇಳುತ್ತೇನೆ. ನೀವು ಅಂಗಡಿಯವರೋ ಕಂಪನಿಯವರೋ ಆಗಿದ್ದರೆ, ನಾಳೆ ಕೆಲಸದ ಜಾಗದಲ್ಲಿ ಸುತ್ತ ಒಮ್ಮೆ ನೋಡಿ. ಎಲ್ಲರೂ ನಿಮ್ಮ ಥರವೇ ಕಂಡರೆ, ಮುಂದಿನ ಕುರ್ಚಿಯನ್ನು ನಿಮ್ಮ ಥರ ಇಲ್ಲದವರಿಗೆ ಕೊಡಿ, ಅವರ ಮಾತಿಗೆ ಬೆಲೆಯನ್ನೂ ಕೊಡಿ. ವ್ಯಾಪಾರ ಬೆಳೆಯುವ ದಾರಿ ಅದು. ನನ್ನಂಥವರಿಗೆ ಅಲ್ಲೇನು ಕೆಲಸ ಎಂದು ನೀವು ಮನೆಯಲ್ಲೇ ಉಳಿದವರಾಗಿದ್ದರೆ, ಹೋಗಿ ಕೇಳಿ. ನಿಮ್ಮ ಕೈಗಾಗಿ ಎಲ್ಲೋ ಒಂದು ಮೇಜು ಕಾಯುತ್ತಿದೆ.