ಗುಂಡುಸೂಜಿಯ ಜಾಗ

ಫ್ಯಾನು ಷಡ್ಜ ಹಿಡಿದಿದೆ, ಸ್ವಲ್ಪ ಇಳಿದ ಷಡ್ಜ, ಮೆಷಿನ್ನಿಗೆ ಬಿಡುವ ಹಾಗೆ ಅದಕ್ಕೂ ಒಂದು ತೊಟ್ಟು ಎಣ್ಣೆ ಬಿಟ್ಟರೆ ಶ್ರುತಿ ಸೇರೀತು, ಆದರೆ ಈಗ ಏಳುವ ಹಾಗಿಲ್ಲ, ಮೊಣಕಾಲೂರಿದ್ದೇನೆ, ಬಾಯಲ್ಲಿ ಮೂರು ಗುಂಡುಸೂಜಿ, ಎದುರಿಗೆ ಬ್ಯಾಂಕ್ ಗುಮಾಸ್ತರ ಎರಡು ಕಾಲು, ಸ್ಟೂಲಿನ ಮೇಲೆ ನಿಂತು ಹೊಟ್ಟೆ ಒಳಗೆಳೆದುಕೊಂಡಿದ್ದಾರೆ, ಪ್ಯಾಂಟಿನ ಉದ್ದಕ್ಕೆ ಗುರುತು ಹಾಕುವಾಗ ಹೊಟ್ಟೆಗೇನು ಕೆಲಸ, ಎಳೆದುಕೊಳ್ಳಲಿ ಪಾಪ, ಭಗವಂತ ಕೊಟ್ಟ ಹೊಟ್ಟೆಯನ್ನು ಯಾರು ತಾನೇ ಇದ್ದ ಹಾಗೆ ಒಪ್ಪಿಕೊಂಡಿದ್ದಾರೆ — ಗಂಟೆ ನಾಲ್ಕಾಯಿತು, ಆರಕ್ಕೆ ಶಾಲೆಯಲ್ಲಿರಬೇಕು, ಅಕ್ಕನಿಗೆ ಇವತ್ತು ನಿವೃತ್ತಿ, ಮೂವತ್ತೈದು ವರ್ಷ ಮಕ್ಕಳ ಮಗ್ಗಿ ತಿದ್ದಿದವಳು, ಭಾಷಣ ಬೇಡ, ಹೂಗುಚ್ಛ ಬೇಡ, ನನ್ನ ತಮ್ಮ ಬಂದು ಅಪ್ಪನ ಧಾಟಿ ನುಡಿಸಲಿ ಅಂದಳಂತೆ, ಮೌತ್ ಆರ್ಗನ್ ಅಗೋ ಕತ್ತರಿಯ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು ಜ್ವರ ಬಂದವರ ಹಾಗೆ ಮಲಗಿದೆ, ನನಗೇ ಜ್ವರ ಬರಬೇಕಿತ್ತು. ಅಪ್ಪನ ಧಾಟಿ ಅಂದರೆ ಇದೇ ಅಂಗಡಿಯಲ್ಲಿ, ಇದೇ ನೆಲದ ಮೇಲೆ, ಗಿರಾಕಿಯ ಕಾಲ ಬುಡದಲ್ಲಿ ಕೂತು ಅಪ್ಪ ಗುನುಗುತ್ತಿದ್ದದ್ದು, ಅದಕ್ಕೆ ಮಾತಿಲ್ಲ, ಬಾಯಿ ತೆರೆದರೆ ಸೂಜಿ ಬೀಳುತ್ತಿತ್ತಲ್ಲ, ತುಟಿಯ ನಡುವೆ ಸೂಜಿಗಳ ಬಿಳಿ ತಲೆ, ಮಗುವಿಗೆ ಹಾಲುಹಲ್ಲು ಬಂದ ಹಾಗೆ, ಎರಡು ಸಾಲು ಮೆಲ್ಲಗೆ ಹತ್ತುತ್ತಿತ್ತು, ಅಲ್ಲಿ ತುಂಡಾಗುತ್ತಿತ್ತು, ಆಮೇಲೆ ಏನೂ ಆಗದವರ ಹಾಗೆ ಕೊನೆಯ ಸಾಲು, ಸಂಜೆ ಕೊಟ್ಟಿಗೆಗೆ ಮರಳುವ ಹಸುವಿನ ನಡಿಗೆ ಅದಕ್ಕೆ.

ನಡುವಿನ ಸಾಲು ಅಪ್ಪನಿಗೇ ಮರೆತಿತ್ತೋ ನನ್ನ ಕಿವಿಗೆ ಬೀಳಲಿಲ್ಲವೋ, ಕೇಳೋಣವೆಂದರೆ ಅವನು ಹೋಗಿ ಇಪ್ಪತ್ತು ವರ್ಷ, ತೂತು ಕಂಡಲ್ಲಿ ತೇಪೆ ಹಾಕುವುದು ನಮ್ಮ ಕಸುಬು, ಸುಮ್ಮನಿರುವುದು ಹೇಗೆ, ಮೊದಲು ಒಂದು ಸಿನಿಮಾ ಹಾಡಿನ ಪಲ್ಲವಿ ಹೊಲಿದೆ, ರೇಷ್ಮೆಗೆ ಗೋಣಿಯ ತೇಪೆ, ಬಿಚ್ಚಿದೆ, ಆಮೇಲೆ ಅಕ್ಕನ ಮಗಳ ಹುಟ್ಟುಹಬ್ಬದ ದಿನ ತಾನಾಗಿಯೇ ಒಂದು ಸಾಲು ಒದಗಿ ಬಂತು, ಎಷ್ಟು ಚೆನ್ನಾಗಿ ಕೂತಿತು, ದೇವರೇ ಕೊಟ್ಟ ಎಂದು ಕಣ್ಣು ಮುಚ್ಚಿ ನುಡಿಸುತ್ತಿದ್ದೆ, ಮಕ್ಕಳೆಲ್ಲ ಒಟ್ಟಿಗೆ ಬಿಸ್ಕತ್ತಿನ ಹೆಸರು ಕೂಗಿದವು, ಟೀವಿಯಲ್ಲಿ ದಿನಕ್ಕೆ ಹತ್ತು ಸಲ ಬರುವ ಜಾಹೀರಾತು, ಕೊಟ್ಟವನು ದೇವರಲ್ಲ, ಬಿಸ್ಕತ್ತಿನವನು — ಅಕ್ಕ ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅಪ್ಪನ ಬಾಯಿಗೆ ಬಿಸ್ಕತ್ತು ತುರುಕಿದೆಯಲ್ಲೋ, ನಾಚಿಕೆ ಆಗಲ್ವೇನೋ ನಿಂಗೆ, ಅವಳ ಮಗಳೋ ಇನ್ನೊಂದು, ಮಾಮ, ಈಗ ಯಾರೂ ಹದಿನೈದು ಸೆಕೆಂಡಿನ ಮೇಲೆ ಕೇಳಲ್ಲ, ಆ ಜಾಗಕ್ಕೆ ಒಂದು ಬೀಟ್ ಹಾಕಿಬಿಡು, ಫೋನಿನಲ್ಲಿ ಕೇಳಿಸಿದಳು, ಬೀರು ಮೆಟ್ಟಿಲಿಂದ ಉರುಳಿದ ಹಾಗೆ ಧಡ್ ಧಡಾ ಧಡ್, ಸುಳ್ಳೇಕೆ, ನನಗೂ ಹಿಡಿಸಿತು, ನಾಲ್ಕು ದಿನ ಪೆಡಲ್ಲಿನ ಮೇಲೆ ಅದನ್ನೇ ತುಳಿದೆ, ಹೆಡ್ ಮೇಷ್ಟರ ಅಂಗಿಯ ಕಾಲರಿನ ಹೊಲಿಗೆ ಹಾವಿನ ಹಾಗೆ ಓಡಿತು. ನಿನ್ನೆ ಅಕ್ಕನ ಫೋನು, ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಸುಲಭವಿತ್ತು, ದನಿ ತಗ್ಗಿಸಿ, ನಂಗೆ ಮರ್ತೇ ಹೋಗಿದೆ ಕಣೋ, ಮೊದಲ ಸಾಲು ಬರುತ್ತೆ, ಮುಂದೆ ಏನೂ ಇಲ್ಲ, ನಿನ್ನ ಹತ್ರ ಮಾತ್ರ ಉಳ್ಕೊಂಡಿರೋದು, ನೀನೂ ಏನಾದ್ರೂ ಸೇರಿಸಿಬಿಟ್ರೆ ಅಪ್ಪನ್ದು ಅನ್ನೋದು ಎಲ್ಲೂ ಇರಲ್ಲ —

ಯಾಕ್ರೀ ನಿಲ್ಲಿಸಿಬಿಟ್ರಿ, ಚೆನ್ನಾಗಿತ್ತು, ಮೇಲಿನಿಂದ ಗುಮಾಸ್ತರು, ಏನು ನಿಲ್ಲಿಸಿದೆ, ಓಹೋ ಗುನುಗುತ್ತಿದ್ದೆನೇ, ಪ್ಯಾಂಟಿನ ಎಡಗಾಲು ಮಡಿಸುತ್ತ ಎರಡು ಸಾಲು ಹತ್ತಿತ್ತು, ತುಟಿಯಿಂದ ಒಂದು ಸೂಜಿ ತೆಗೆದೆ, ಅಂಚಿಗೆ ಚುಚ್ಚಿದೆ, ಇನ್ನೇನು ಕೊನೆಯ ಸಾಲು — ಸೂಜಿ ತೆಗೆದೆ. ಸೂಜಿ ತೆಗೀವಾಗ ಉಸಿರು ಹಿಡ್ಕೋ ಮಗನೇ, ಒಳಕ್ಕೆ ಎಳ್ಕೊಂಡ್ರೆ ಹೊಟ್ಟೆ ಸೇರುತ್ತೆ, ಅಪ್ಪ ಕಲಿಸಿದ ಮೊದಲ ಪಾಠ, ಹೊಲಿಗೆಗಿಂತ ಮೊದಲು, ಬಲಗಾಲು ಕೊಡಿ ಸಾರ್, ಇನ್ನೊಮ್ಮೆ, ಎರಡು ಸಾಲು, ಉಸಿರು ಹಿಡಿದೆ, ಮೇಲೆ ಗುಮಾಸ್ತರೂ ಹಿಡಿದಿದ್ದಾರೆ, ಅವರದು ಹೊಟ್ಟೆಯ ಕಾರಣ, ಬೆರಳು ತುಟಿಗೆ, ಬೆರಳು ಬಟ್ಟೆಗೆ, ಕೊನೆಯ ಸಾಲು. ಅಲ್ಲಿ ಏನೂ ಇರಲಿಲ್ಲ, ಏನೂ ಕಳೆದಿರಲೂ ಇಲ್ಲ, ಸ್ವಾಮಿ, ಇಷ್ಟು ವರ್ಷ ತೂತೆಂದುಕೊಂಡು ಕಿಟಕಿಗೆ ತೇಪೆ ಹಾಕಿದೆ, ಆರು ಗಂಟೆಗೆ ಅದನ್ನು ತೆರೆದೇ ಬಿಡಬೇಕು, ಮರೆತುಬಿಟ್ಟ ಎಂದು ಜನ ಕೆಮ್ಮುತ್ತಾರೆ, ಯಾವುದಾದರೂ ಮಗು ಬಿಸ್ಕತ್ತಿನ ಹೆಸರು ಕೂಗಿಯೇ ಕೂಗುತ್ತದೆ, ಕೂಗಲಿ, ಮೊದಲ ಸಾಲಿನಲ್ಲಿ ಅಕ್ಕ ಕೂತಿರುತ್ತಾಳೆ, ಅವಳೂ ಈ ಅಂಗಡಿಯಲ್ಲಿ ಚಿಂದಿಯ ರಾಶಿಯ ಮೇಲೆ ಕೂತು ಬೆಳೆದವಳು, ಎರಡು ಸಾಲು ಮುಗಿದಾಗ ಅವಳಿಗೆ ಕಾಣುತ್ತದೆ, ಕಾಣದೇ ಇರದು, ಅಪ್ಪ ತಲೆ ಬಗ್ಗಿಸಿದ್ದಾನೆ, ಎರಡು ಬೆರಳು ತುಟಿಯ ಹತ್ತಿರ ಬರುತ್ತಿವೆ, ಸೂಜಿಯ ಪುಟ್ಟ ಬಿಳಿ ತಲೆ, ಎರಡು ಬೆರಳು, ಬಿಳಿ ತಲೆ —