ಸುಡದೆ ಉಳಿದ ಹಲಗೆ

ಸುಳ್ಳು ಅಂದರೆ ಒಂದೆರಡು ವರ್ಷ ಬಾಳಿಕೆ ಬಂದರೆ ಹೆಚ್ಚು. ಕಿಣ್ಣಿ ಸುಲ್ತಾನ ಎಂಬ ಊರಿನ ದತ್ತಪ್ಪನ ಸುಳ್ಳು ಇಪ್ಪತ್ತಾರು ವರ್ಷ ಬಾಳಿಕೆ ಬಂತು. ಅದನ್ನು ಯಾರ ಮುಂದೆ ಹೇಳಿದ್ದ ಅನ್ನುತ್ತೀರಿ? ತನ್ನ ಒಡಹುಟ್ಟಿದ ಅಣ್ಣ ದೇವೀಂದ್ರಪ್ಪ ಮಾಸ್ತರರ ಮುಂದೆ! ಆ ಮನುಷ್ಯನ ಎದುರಿಗೆ ಊರ ದೊಡ್ಡವರೂ ದನಿ ಎತ್ತರಿಸುತ್ತಿರಲಿಲ್ಲ.

ಸಾವುಕಾರ ಶಾಂತಲಿಂಗಪ್ಪ ತೀರಿಕೊಂಡ ವರ್ಷದ ಮಾತು ಇದು. ಹೆಣದ ಮುಂದೆ ಹಲಗೆ ಬಾರಿಸುವುದು ದತ್ತಪ್ಪನ ಮನೆಯ ಪಾಲಿಗೆ ಬಂದ ಚಾಕರಿ. ಅಪ್ಪ ಸಾಯಬಣ್ಣ ಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದ. ಆದರೂ ಸಾವುಕಾರರ ಆಳು ಬಂದು ಎಬ್ಬಿಸಿಕೊಂಡು ಹೋದ. ಸುರಿಯುವ ಮಳೆಯಲ್ಲಿ ಊರ ಅಗಸಿ ಬಾಗಿಲಿನಿಂದ ಹೊಲದವರೆಗೆ ಬಾರಿಸುತ್ತ ನಡೆದ ಸಾಯಬಣ್ಣ ಐದನೆಯ ದಿನ ತಾನೇ ಹೋಗಿಬಿಟ್ಟ. ಅವನ ಹೆಣದ ಮುಂದೆ ಯಾರೂ ಹಲಗೆ ಬಾರಿಸಲಿಲ್ಲ. ಮಣ್ಣು ಕೊಟ್ಟು ಬಂದ ದೇವೀಂದ್ರಪ್ಪ ಕೇರಿಯ ನಡುವೆ ನಿಂತು, ಇನ್ನು ಮೇಲೆ ನಮ್ಮವರ ಕೈ ಹಲಗೆ ಮುಟ್ಟುವುದಿಲ್ಲ ಎಂದು ಎಲ್ಲರಿಂದಲೂ ಆಣೆ ಮಾಡಿಸಿದ. ಮರುದಿನ ಬುದ್ಧ ವಿಹಾರದ ಮುಂದೆ ಬೆಂಕಿ ಹಾಕಿ, ಮನೆಗೊಂದರಂತೆ ಹಲಗೆಗಳನ್ನು ತಂದು ಸುಟ್ಟರು.

ದತ್ತಪ್ಪನೂ ಒಂದನ್ನು ಬೆಂಕಿಗೆ ಹಾಕಿದ. ಆದರೆ ಅದು ಅಟ್ಟದ ಮೇಲೆ ಬಿದ್ದಿದ್ದ, ಚರ್ಮ ಹರಿದ ಹಳೆಯದು. ಅಪ್ಪ ಬಾರಿಸುತ್ತಿದ್ದ ಹಲಗೆಯನ್ನು ಅವನು ಆಗಲೇ ಗೋಣಿಚೀಲದಲ್ಲಿ ಕಟ್ಟಿ, ಸೈಕಲ್ಲಿನ ಮೇಲೆ ಆಳಂದಕ್ಕೆ ಒಯ್ದು, ಗೆಳೆಯ ಸಲಾವುದ್ದೀನನ ಮೈಕ್‌ಸೆಟ್ ಅಂಗಡಿಯಲ್ಲಿ ಇಟ್ಟುಬಂದಿದ್ದ. ಯಾಕೆ ಎಂದರೆ ಏನು ಹೇಳಿಯಾನು ಪಾಪ! ಅಪ್ಪನ ಹೆಬ್ಬೆರಳು ತಿಕ್ಕಿ ತಿಕ್ಕಿ ಆ ಹಲಗೆಯ ಅಂಚು ಒಂದು ಕಡೆ ನುಣ್ಣಗಾಗಿತ್ತು. ಅಲ್ಲಿ ತನ್ನ ಬೆರಳಿಟ್ಟ. ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ.

"ಅಪ್ಪಂದು ಹಾಕಿದೇನು?" ಎಂದು ಅಣ್ಣ ಕೇಳಿದ.

"ಹಾಕೀನಣ್ಣ," ಎಂದ ದತ್ತಪ್ಪ.

ಮಾತು ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದೇ ಶಾಂತಲಿಂಗಪ್ಪನ ಮೊಮ್ಮಗ ಬಸವಂತರಾಯ ಗುಲಬರ್ಗಾದಲ್ಲಿ ಕಾಲೇಜು ಕಲಿಯುತ್ತ, ಭುಜದ ತನಕ ಕೂದಲು ಬಿಟ್ಟು, ನೆಲ ಗುಡಿಸುವ ಬೆಲ್‌ಬಾಟಂ ಹಾಕಿ ಗಿಟಾರು ಹಿಡಿದಿದ್ದ. ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು 'ಅಮರ್ಜಾ ಬೀಟ್ಸ್' ಎಂಬ ಬ್ಯಾಂಡು ಬೇರೆ. ವಿಲಾಯತಿಯವರ ಗಿಟಾರು ಗುರುಗುಟ್ಟುವ ಹಾಗೆ ತಮ್ಮದೂ ಗುರುಗುಟ್ಟಬೇಕೆಂದು ಅವನು ಹಟ ಹಿಡಿದಾಗ, ಸಲಾವುದ್ದೀನ ಒಳ್ಳೆಯ ಸ್ಪೀಕರಿನ ಒಳಗೆ ಅದುರುವ ಕಾಗದವನ್ನು ಬ್ಲೇಡಿನಿಂದ ಸೀಳಿಕೊಟ್ಟ. ಗುರುಗುಟ್ಟಿತು. ಎಪ್ಪತ್ತೆರಡರಲ್ಲಿ ಒಂದು ರಿಕಾರ್ಡು ಮಾಡಿಸಲು ಎಲ್ಲರೂ ಮುಂಬೈಗೆ ಹೊರಟರು. ಸ್ಪೀಕರಿನ ಪೆಟ್ಟಿಗೆ ಹೊರಲು ದತ್ತಪ್ಪನೂ ಹೋದ. ಡ್ರಮ್ಮು ಬಾರಿಸಬೇಕಿದ್ದ ಜಗದೇವಪ್ಪ ಮಾತ್ರ ಕಾಮಾಲೆ ಹಿಡಿದು ಆಳಂದದಲ್ಲೇ ಉಳಿದ. ಮುಂಬೈಯಲ್ಲಿ ಯಾರಾದರೂ ಸಿಕ್ಕಾರು ಎಂದುಕೊಂಡಿದ್ದರು. ಯಾರೂ ಸಿಗಲಿಲ್ಲ.

ರಿಕಾರ್ಡಿಂಗ್ ಕೋಣೆಯಲ್ಲಿ ಎಲ್ಲರೂ ಮುಖ ಮುಖ ನೋಡುತ್ತ ಕೂತಾಗ ಸಲಾವುದ್ದೀನ ವೈರುಗಳ ಪೆಟ್ಟಿಗೆಯಿಂದ ಆ ಗೋಣಿಚೀಲ ತೆಗೆದ. ಕಳ್ಳ, ಕೇಳದೆಯೇ ತಂದಿದ್ದ! "ಅರೆ, ನಮ್ಮ ದತ್ತು ಅದಾನಲ್ಲ," ಎಂದ.

ಹಲಗೆಯ ಚರ್ಮ ಮುಂಬೈಯ ಹವೆಗೆ ಮೆತ್ತಗಾಗಿತ್ತು. ಕಾಸಿದರೇ ಅದು ದನಿ ಕೊಡುವುದು. ದತ್ತಪ್ಪ ಸಹಜವಾಗಿ, "ಒಂದೀಟು ಬೆಂಕಿ ಮಾಡ್ಲೇನ್ರಿ?" ಎಂದು ಕೇಳಿದ. ಕೋಣೆಯ ಸಾಹೇಬ ಹೌಹಾರಿ ಬಾಗಿಲು ತೋರಿಸಿದ. ಆಗ ದತ್ತಪ್ಪನ ಕಣ್ಣು ಸಲಾವುದ್ದೀನನ ಆಂಪ್ಲಿಫೈಯರಿನ ಮೇಲೆ ಬಿತ್ತು. ಹಿಂದಿನ ಮುಚ್ಚಳ ಬಿಚ್ಚಿದ ಪೆಟ್ಟಿಗೆಯೊಳಗೆ ನಾಲ್ಕು ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಅವುಗಳ ಬಿಸಿಗೆ ಚರ್ಮ ಹಿಡಿದು, ತಿರುಗಿಸಿ ತಿರುಗಿಸಿ ಕಾಸಿದ. ಬೆರಳಿನಿಂದ ತಟ್ಟಿದ. ಠಣ್ ಎಂದಿತು.

ಏನು ಬಾರಿಸಲಿ ಎಂದು ಕೇಳಲಿಲ್ಲ. ಕೈಗೆ ತಾನಾಗಿ ಬಂದದ್ದು ಅಪ್ಪ ಕಲಿಸಿದ, ಹೆಣದ ಮುಂದಿನ ಬಡಿತ. ಹೆಜ್ಜೆ ಎಣಿಸಿ ಇಟ್ಟಂತೆ ನಿಧಾನ, ಭಾರ. ಬಸವಂತರಾಯನ ಗಿಟಾರು ಅದರ ಬೆನ್ನು ಹತ್ತಿತು. ನಾಲ್ಕು ನಿಮಿಷ. ಮುಗಿದ ಮೇಲೆ ಬಸವಂತರಾಯ ಓಡಿಬಂದು ದತ್ತಪ್ಪನನ್ನು ಅಪ್ಪಿಕೊಂಡ. ಆ ಮನೆತನದವನೊಬ್ಬ ಈ ಮನೆಯವನನ್ನು ಮುಟ್ಟಿದ್ದು ಅದೇ ಮೊದಲು.

ಮುನ್ನೂರು ರಿಕಾರ್ಡು ಅಚ್ಚಾಗಿ ಬಂದವು. ಅವುಗಳ ಮೇಲಿದ್ದುದನ್ನು ದತ್ತಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಡ್ರಮ್ಸ್: ಜಗದೇವಪ್ಪ. ಕಾಮಾಲೆಯಲ್ಲಿ ಮಲಗಿದ್ದವನ ಹೆಸರು! ಬಾರಿಸಿದವನು ನಾನು ಎಂದು ಕೂಗಬೇಕೆನ್ನಿಸಿತು. ಅದರ ಹಿಂದೆಯೇ, ಸದ್ಯ ಅಣ್ಣನಿಗೆ ಗೊತ್ತಾಗುವುದಿಲ್ಲ ಎಂಬ ಸಮಾಧಾನವೂ ಬಂತು. ಆ ಸಮಾಧಾನಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ರಿಕಾರ್ಡನ್ನು ಯಾರೂ ಕೊಳ್ಳಲಿಲ್ಲ. ಬ್ಯಾಂಡು ಚದುರಿತು. ಬಸವಂತರಾಯ ಕೂದಲು ಕತ್ತರಿಸಿ ತೊಗರಿ ವ್ಯಾಪಾರಕ್ಕೆ ಕೂತ. ದತ್ತಪ್ಪ ಖಜೂರಿ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ ಹಿಡಿದ. ಸಲಾವುದ್ದೀನನ ಗಡ್ಡ ಬೆಳ್ಳಗಾಯಿತು. ಹಲಗೆ ಅವನ ಅಂಗಡಿಯ ಗೋಡೆಗೆ, ಹಳೆಯ ಲೌಡ್‌ಸ್ಪೀಕರುಗಳ ಹಿಂದೆ ನೇತಾಡುತ್ತಲೇ ಇತ್ತು.

ತೊಂಬತ್ತಾರರ ಒಂದು ಶುಕ್ರವಾರ ಸಲಾವುದ್ದೀನ ಹೇಳಿಕಳಿಸಿದ. ದತ್ತಪ್ಪ ಹೋದಾಗ ಅಂಗಡಿಯಲ್ಲಿ ಬಸವಂತರಾಯ ಕುರ್ಚಿ ಬಿಟ್ಟು ಎದ್ದು ನಿಂತ.

"ದತ್ತಪ್ಪ, ಹಾಲೆಂಡಿನಿಂದ ಕಾಗದ ಬಂದದ. ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲದ ಹಳೇ ಬ್ಯಾಂಡಿನವರ ಹಾಡು ಹುಡುಕಿ, ಎಲ್ಲಾ ಕೂಡಿಸಿ ಒಂದು ರಿಕಾರ್ಡು ಮಾಡಾಕತ್ತಾರಂತ. ಟರ್ಕಿಯವರು ಅದಾರ, ಪೆರು ದೇಶದವರು ಅದಾರ. ನಮ್ಮದು ಒಂದು ಮುಂಬೈ ಗುಜರಿ ಅಂಗಡ್ಯಾಗ ಸಿಕ್ಕದ."

ಅವರು ಕೇಳಿದ್ದು ಮೂರೇ ಪ್ರಶ್ನೆ: ಇಷ್ಟು ಭಾರವಾಗಿ ಬಾರಿಸಿದವನು ಯಾರು? ಅದು ಯಾವ ವಾದ್ಯ? ಆ ಬಡಿತವನ್ನು ನಿಮ್ಮಲ್ಲಿ ಯಾವಾಗ ಬಾರಿಸುತ್ತಾರೆ? ಗಿಟಾರಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

"ಅವತ್ತ ಮನ್ಯಾಗ ಏನಂತಾರೋ ಅಂತ ಹೆದರಿ ಜಗದೇವನ ಹೆಸರು ಹಾಕ್ಸಿದೆ. ತಪ್ಪು ನಂದು," ಎಂದ ಬಸವಂತರಾಯ, ನೆಲ ನೋಡುತ್ತ. "ನೀ ಹೂಂ ಅಂದ್ರ ನಿನ್ನ ಹೆಸರು ಬರೀತೀನಿ. ಗುಲಬರ್ಗಾದ ಪೇಪರಿನವರೂ ಬರೀತಾರ. ಸೋಮವಾರ ಟಪಾಲಿಗೆ ಹಾಕ್ಬೇಕು."

ಪೇಪರು ಎಂದ ಕೂಡಲೆ ದತ್ತಪ್ಪನಿಗೆ ಅಣ್ಣನ ನೆನಪಾಯಿತು. ಅಣ್ಣ ಪೇಪರನ್ನು ಮೊದಲಕ್ಷರದಿಂದ ಕೊನೆಯಕ್ಷರದ ತನಕ ಓದುವವನು. "ಬ್ಯಾಡ್ರಿ ಸಾವಕಾರ್ರ, ಇದ್ದಂಗ ಇರ್ಲಿ," ಎಂದ.

ಸಲಾವುದ್ದೀನ ಹಾಲೆಂಡಿನವರು ಕಳಿಸಿದ ಕ್ಯಾಸೆಟ್ ಹಚ್ಚಿದ. ಸ್ವಚ್ಛ ಮಾಡಿದ ದನಿ. ಮೊದಲ ಪೆಟ್ಟು ಬೀಳುತ್ತಲೇ ದತ್ತಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಪ್ಪನೇ ಬಂದು ಅಂಗಡಿಯೊಳಗೆ ನಡೆದಾಡಿದ ಹಾಗಿತ್ತು. ಇದರ ಕೆಳಗೆ ಜಗದೇವಪ್ಪನ ಹೆಸರೇ? ಅದು ತನ್ನೊಬ್ಬನ ಹೆಸರು ಹೋದಂತಲ್ಲ, ಸಾಯಬಣ್ಣನನ್ನು ಮತ್ತೊಮ್ಮೆ ಮಣ್ಣಿಗೆ ಹಾಕಿದಂತೆ ಎನ್ನಿಸಿತು ಅವನಿಗೆ. ಪ್ರಶ್ನೆಗಳ ಕಾಗದವನ್ನೂ ಟೇಪ್‌ರಿಕಾರ್ಡರನ್ನೂ ಕೇಳಿ ಇಸಿದುಕೊಂಡ.

ಮನೆಯಲ್ಲಿ ಹೆಂಡತಿ ಮಲ್ಕಮ್ಮನಿಗೆ ಎಲ್ಲ ಹೇಳಿದ. ಆಕೆ ಮೊರದಲ್ಲಿದ್ದ ಜೋಳ ಬಿಟ್ಟು ಅವನನ್ನೇ ನೋಡಿದಳು. "ಮುಂಬೈಕ ಹೋಗಿ ಬಂದಾಂವ ನನಗೊಂದು ಬಳಿ ಸೈತ ತರಲಿಲ್ಲ ಅಂತ ಇಷ್ಟು ವರ್ಸ ಬೈದೆ. ಗುಟ್ಟು ತಂದಿದ್ದೇನು? ಹೋಗು, ಭಾವ ಇನ್ನೊಬ್ಬರ ಬಾಯಿಂದ ಕೇಳೋಕಿಂತ ಮದ್ಲು ನೀನೇ ಹೇಳು."

ಭಾನುವಾರ ಮುಂಜಾನೆ ಮಾಸ್ತರರು ಅಂಗಳದಲ್ಲಿ ಪೇಪರು ಹರವಿಕೊಂಡು ಕೂತಿದ್ದರು. ದತ್ತಪ್ಪ ಟೇಪ್‌ರಿಕಾರ್ಡರ್ ಕೆಳಗಿಟ್ಟ. "ಅಣ್ಣ, ಅಪ್ಪನ ಹಲಗಿ ನಾ ಸುಟ್ಟಿಲ್ಲ," ಎಂದವನೇ ಗುಂಡಿ ಒತ್ತಿದ.

ನಾಲ್ಕು ನಿಮಿಷ ಮಾಸ್ತರರು ಅಲುಗಲಿಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಯಾರು ಸತ್ತಿದ್ರು?"

"ಯಾರೂ ಸತ್ತಿದ್ದಿಲ್ಲಣ್ಣ."

"ಯಾರು ಬಾರ್ಸು ಅಂದ್ರು?"

"ಹುಕುಂ ಯಾರೂ ಮಾಡಲಿಲ್ಲ. ಸಲಾವುದ್ದೀನ ಹಲಗಿ ಕೈಗೆ ಕೊಟ್ಟ. ಬ್ಯಾಡ ಅನಬಹುದಿತ್ತು. ನನಗ ಮನಸಾತು, ಬಾರಿಸಿದೆ."

"ಮಳಿ ಇತ್ತೇನು?"

"ಇಲ್ಲಣ್ಣ. ಫ್ಯಾನಿನ ಕೆಳಗ ಕುರ್ಚಿ ಹಾಕಿ ಕೂಡಿಸಿದ್ರು."

ರಿಕಾರ್ಡು ಮಾಡಿಸಲು ಮುಂಬೈಗೆ ಹೋದದ್ದನ್ನೂ ಹಾಲೆಂಡಿನಿಂದ ಕಾಗದ ಬಂದದ್ದನ್ನೂ ದತ್ತಪ್ಪ ಹೇಳಿದ. ಮಾಸ್ತರರು ಆ ಹಳೆಯ ರಿಕಾರ್ಡಿನ ಮೇಲೆ ಯಾರ ಹೆಸರಿದೆ ಎಂದು ಕೇಳಿದರು. ದತ್ತಪ್ಪ ಹೇಳಿದ. "ಮತ್ತ ನೀ ಯಾಕ ಬಾಯಿ ಬಿಡಲಿಲ್ಲ?"

"ನಿಮಗ ಹೆದರಿ."

ಆ ಮಾತಿಗೆ ಮುದುಕನ ಮುಖ ಕಪ್ಪಿಟ್ಟಿತು. ಬೈದಿದ್ದರೆ ದತ್ತಪ್ಪ ತಡೆದುಕೊಳ್ಳುತ್ತಿದ್ದ. "ಅವರು ನಿನ್ನ ಹೆಸರು ನುಂಗಿದ್ರು. ನುಂಗಲಿಕ್ಕ ನಾನೇ ನೀರು ಕೊಟ್ಟಂಗಾತಲ್ಲೋ," ಎಂದರು ಮಾಸ್ತರರು. "ಸುಳ್ಳು ಹೇಳಿದಿ, ಅದನ್ನ ನಾ ಮರಿಯಂಗಿಲ್ಲ. ಆ ಕಾಗದ ತಾ ಇಲ್ಲಿ."

ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಮೂವತ್ತು ವರ್ಷ ಕರಿಹಲಗೆಯ ಮೇಲೆ ತಿದ್ದಿದ ದುಂಡು ಅಕ್ಷರದಲ್ಲಿ, ಗಟ್ಟಿಯಾಗಿ ಓದುತ್ತ ಬರೆದರು. ಬಾರಿಸಿದವರು: ದತ್ತಪ್ಪ, ತಂದೆ ಸಾಯಬಣ್ಣ, ಕಿಣ್ಣಿ ಸುಲ್ತಾನ. ವಾದ್ಯ: ಹಲಗೆ, ಸಾಯಬಣ್ಣನದು. ಮೂರನೆಯದಕ್ಕೆ ಪೆನ್ನು ನಿಂತಿತು. ಆಮೇಲೆ ಬರೆದರು: ಈ ಬಡಿತವನ್ನು ಹೆಣದ ಮುಂದೆ ಬಾರಿಸಲು ನಮ್ಮನ್ನು ಹಚ್ಚುತ್ತಿದ್ದರು. ಆ ಚಾಕರಿ ಬಿಟ್ಟಿದ್ದೇವೆ.

ಕಾಗದವನ್ನು ಮಡಚಲು ಹೋದವರು ಮತ್ತೆ ಬಿಡಿಸಿ, ಕೆಳಗೆ ಒಂದು ಸಾಲು ಸೇರಿಸಿದರು: ಇದನ್ನು ಬಾರಿಸಿದ ದಿನ ಯಾರೂ ಸತ್ತಿರಲಿಲ್ಲ.

ಅದನ್ನೂ ಗಟ್ಟಿಯಾಗಿ ಓದಿದರು. ದತ್ತಪ್ಪ ಐವತ್ತರ ಗಂಡಸು, ಅಂಗಳದ ನಡುವೆ ಕೂತು ಎಲ್ಲರಿಗೂ ಕೇಳುವ ಹಾಗೆ ಅತ್ತ.

"ಸುಮ್ಕಾಗೋ," ಎಂದರು ಮಾಸ್ತರರು, ಅವನ ಹೆಗಲ ಮೇಲೆ ಕೈಯಿಟ್ಟು. "ಅಪ್ಪಂದು ಇನ್ನೊಮ್ಮಿ ಹಚ್ಚು."