ಕೇಳುವ ಮೊದಲೇ ಕೊಟ್ಟ ನೀರು

ತೆಕ್ಕಟ್ಟೆಯ ವಾರಿಜಾಕ್ಷಮ್ಮನ ಮನೆಗೆ ಯಾರೇ ಬರಲಿ, ಕೂರುವ ಮೊದಲೇ ಬೆಲ್ಲ, ನೀರು ಬರುತ್ತದೆ. ಬಂದವರು ಬಾಯಿಬಿಟ್ಟು ನೀರು ಕೇಳಿದರೆ ಮನೆಯ ಮರ್ಯಾದೆ ಹೋಯಿತೆಂದೇ ಅವರ ಲೆಕ್ಕ. ಪದ್ಧತಿ ಒಳ್ಳೆಯದೇ. ಆದರೆ ಆ ಪದ್ಧತಿಯಿಂದಲೇ ಸುಗುಣ ಈಗ ಪೇಚಿಗೆ ಸಿಕ್ಕಿದ್ದಳು.

ಸುಗುಣ ಊರಿನ ಶಾಲೆಯಲ್ಲಿ ಹಿರಿಯ ಸಹಾಯಕಿ. ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಕಲಿಯುವ ಶಾಲೆ ಅದು. ಟೀಚರ್ ಪಾಠ ಮಾಡುವಾಗ, ಹೆಚ್ಚಿನ ನೆರವು ಬೇಕಾದ ಮಕ್ಕಳ ಪಕ್ಕ ಕೂತು ಕಲಿಸುವುದು ಅವಳ ಕೆಲಸ. ವಾರಿಜಾಕ್ಷಮ್ಮನ ಮೊಮ್ಮಗಳು ಪ್ರೇಕ್ಷಾ ಅಂಥ ಮಗು. ವಯಸ್ಸು ಏಳಾದರೂ ಮಾತು ಬಂದಿಲ್ಲ. ಕಿವಿ ಚೆನ್ನಾಗಿ ಕೇಳುತ್ತದೆ, ಕಣ್ಣು ಬಲು ಚುರುಕು.

ಅಂದು ಮಧ್ಯಾಹ್ನ ಅಜ್ಜಿ ಶಾಲೆಯ ಕಿಟಕಿಯಲ್ಲಿ ಇಣುಕಿದ್ದರು. ಮೊಮ್ಮಗಳು ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನೇ ನೋಡುತ್ತಿದ್ದಾಳೆ. ಸುಗುಣ ಪಕ್ಕದಲ್ಲೇ ನಿಂತಿದ್ದಾಳೆ, ಕೊಡುತ್ತಿಲ್ಲ! ಅಜ್ಜಿಗೆ ಕೋಪ ನೆತ್ತಿಗೇರಿತು.

"ನಾಳೆಯೇ ಶಾಲಿಂದ ಇವ್ಳ್ ಹೆಸ್ರ್ ತೆಗ್ಸ್ತೆ!" ಎಂದವರೇ ಮಗುವಿನ ಕೈ ಹಿಡಿದು ಹೊರಟೇಬಿಟ್ಟರು.

ಒಮ್ಮೆ ಶಾಲೆ ಬಿಟ್ಟು ಮನೆಯಲ್ಲಿ ಕೂತ ಮಗುವನ್ನು ಮತ್ತೆ ಕರೆತರುವುದು ಎಷ್ಟು ಕಷ್ಟವೆಂದು ಸುಗುಣಳಿಗೆ ಗೊತ್ತು. ಸಂಜೆ ಹೆದರುತ್ತಲೇ ಅವರ ಅಂಗಳಕ್ಕೆ ಕಾಲಿಟ್ಟಳು.

"ಹ್ವಾಯ್, ಅಮ್ಮಾ, ಒಳ್ಗ್ ಇದ್ರಿಯಾ?"

ವಾರಿಜಾಕ್ಷಮ್ಮ ಮುಖ ಊದಿಸಿಕೊಂಡೇ ಬಂದರು. ಆದರೂ ಕೈಯಲ್ಲಿ ಬೆಲ್ಲದ ತಟ್ಟೆ, ಚೊಂಬು, ಲೋಟ! ಸಿಟ್ಟು ಸಿಟ್ಟಿನ ಜಾಗದಲ್ಲಿ, ಮರ್ಯಾದೆ ಮರ್ಯಾದೆಯ ಜಾಗದಲ್ಲಿ.

"ಕೂಕಣಿ, ಮೊದ್ಲ್ ನೀರ್ ಕುಡೀನಿ. ಆಮೇಲ್ ಹೇಳಿ, ಮಾತ್ ಬಾರದ ಹೆಣ್ಣಿಗ್ ನೀರ್ ಕೊಡ್ದೆ ನಿಂತ್ಕಂಬುದ್ ಎಂತ ಪಾಠ?"

ಸುಗುಣ ನೀರು ಕುಡಿದು ಲೋಟ ಕೆಳಗಿಟ್ಟಳು.

"ಕೊಡ್ದೆ ಇಪ್ಪುದಲ್ಲ ಅಮ್ಮಾ. ಅವ್ಳೇ ಕೇಣ್ಲಿ ಅಂದೇಳಿ ಒಂದ್ ಗಳ್ಗಿ ಕಾಯೂದ್, ಅಷ್ಟೇ."

"ಮಾತೇ ಇಲ್ದಿದ್ ಹೆಣ್ಣ್ ಹ್ಯಾಂಗ್ ಕೇಂತ್ತ್?"

"ಕೇಂಬುಕೆ ಬಾಯೇ ಬೇಕಂದಿಲ್ಲೆ. ಕೈ ತೋರ್ಸುಕಾತ್ತ್, ಚಿತ್ರ ಮುಟ್ಟುಕಾತ್ತ್. ಆರೆ ಕೇಂಬುಕ್ ಮುಂಚೆಯೇ ಎಲ್ಲ ಸಿಕ್ರೆ ಅವ್ಳ್ ಎಂತಕ್ ಕೇಂಬುದ್? ನಾಳೆ ನೀವಿಲ್ದಿದ್ ಜಾಗ್ದಗೆ ಆಸ್ರಾಯಿ ಗಂಟ್ಲ್ ಒಣ್ಗ್ರೆ ಯಾರಿಗ್ ಗೊತ್ತಾತ್ತ್?"

ಅಜ್ಜಿ ಚೊಂಬನ್ನು ಪಕ್ಕಕ್ಕಿಟ್ಟು ಚಾವಡಿಯಲ್ಲಿ ಕೂತರು. ತನ್ನ ನಂತರ ಈ ಮಗುವಿನ ಗತಿಯೇನು ಎಂಬ ಚಿಂತೆ ಅವರನ್ನೂ ಒಳಗೊಳಗೇ ತಿನ್ನುತ್ತಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಓಡಿ ಆಡುತ್ತಿದ್ದ ಪ್ರೇಕ್ಷಾ ಬೆವರಿಕೊಂಡು ಚಾವಡಿಗೆ ಬಂದಳು. ಚೊಂಬು ನೋಡಿದಳು. ಅಜ್ಜಿಯ ಕೈ ತಾನಾಗಿ ಚೊಂಬಿನತ್ತ ಹೋಯಿತು.

"ಒಂಚೂರ್ ತಡೀನಿ ಅಮ್ಮಾ," ಸುಗುಣ ಮೆಲ್ಲಗೆ ಹೇಳಿದಳು. "ಅವ್ಳ್ ಮುಖ ಕಾಣಿ. ಅಳು ಬಂದ್ರೆ ಕೂಡ್ಲೇ ಕೊಡ್ವ."

ಹೇಳುವುದೇನೋ ಹೇಳಿದಳು, ಅವಳಿಗೂ ಖಾತ್ರಿಯಿರಲಿಲ್ಲ. ಶಾಲೆಯಲ್ಲಿ ನೀರಿನ ಚಿತ್ರ ತೋರಿಸಿ ಎಷ್ಟೋ ದಿನದಿಂದ ಕಲಿಸುತ್ತಿದ್ದಾಳೆ, ಮಗು ಇನ್ನೂ ತಾನಾಗಿ ಅದನ್ನು ಮುಟ್ಟಿಲ್ಲ. ಈಗಲೂ ಸುಮ್ಮನೆ ನಿಂತರೆ? ನಾಳೆ ಹೆಸರು ಹೋದಂತೆಯೇ. ಅಥವಾ ತಾನು ಕಲಿಸುವ ದಾರಿಯೇ ತಪ್ಪಿದ್ದರೆ? ಎದುರಿಗೆ ಅಜ್ಜಿ ಸೆರಗಿನ ತುದಿ ಹಿಂಡುತ್ತಿದ್ದರು.

ಪ್ರೇಕ್ಷಾ ಅಜ್ಜಿಯನ್ನು ನೋಡಿದಳು. ಅಜ್ಜಿ ಏಳಲಿಲ್ಲ. ಇದೆಂಥ ಹೊಸ ಕ್ರಮ ಎಂಬಂತೆ ಮೊಮ್ಮಗಳು ಹುಬ್ಬು ಗಂಟಿಕ್ಕಿದಳು. ಆಮೇಲೆ ಬಗ್ಗಿ, ಸುಗುಣ ಕುಡಿದಿಟ್ಟ ಖಾಲಿ ಲೋಟ ಎತ್ತಿ ಅಜ್ಜಿಯ ಕೈಗೆ ಕೊಟ್ಟಳು. ಕೊಟ್ಟು, ಮುಖ ನೋಡುತ್ತ ನಿಂತಳು.

"ಕೇಣ್ತ್! ನನ್ ಹತ್ರ ಕೇಣ್ತ್ ಕಾಣಿ ಟೀಚರ್ರೆ!" ವಾರಿಜಾಕ್ಷಮ್ಮ ಹೊಯ್ದ ನೀರು ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ. ಕಣ್ಣು ತುಂಬಿತ್ತು. "ಇಷ್ಟ್ ವರ್ಷ ಕೇಂಬುಕೆ ನಾನೇ ಬಿಡ್ಲಿಲ್ಯಲೆ..."

"ಪ್ರೀತಿಯಿಂದ ಕೊಟ್ಟದ್ದಲ್ದಾ ಅಮ್ಮಾ. ಇನ್ ಮೇಲೆ ಒಂದ್ ಗಳ್ಗಿ ತಡ್ದ್ ಕೊಡಿ."

"ನಾಳೆ ನಾನೇ ಶಾಲಿಗ್ ಕರ್ಕಂಡ್ ಬತ್ತೆ. ಆರೆ ನೀರ್ ಮಾತ್ರ ಅವ್ಳ್ ಕಣ್ಣಿಗ್ ಕಾಂಬಲ್ಲೇ ಇರ್ಕ್!"

ಸುಗುಣ ನಕ್ಕಳು. ತಟ್ಟೆಯಲ್ಲಿದ್ದ ಬೆಲ್ಲದ ಚೂರನ್ನು ಈಗ ಬಾಯಿಗೆ ಹಾಕಿಕೊಂಡಳು.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಪ್ರೇಕ್ಷಾಳಂಥ ಮಗು ಇದೆಯೇ? ಮನೆಯೊಳಗೆ ಕೂರಿಸಬೇಡಿ. ಹತ್ತಿರದ ಶಾಲೆಯಲ್ಲಿ ಎಲ್ಲರ ಜೊತೆ ಕಲಿಯುವುದು ಅದರ ಹಕ್ಕು. ಇಂದೇ ಶಾಲೆಗೆ ಹೋಗಿ, ಯಾವ ನೆರವು ಸಿಗುತ್ತದೆ ಎಂದು ವಿಚಾರಿಸಿ. ಹಿರಿಯರೇ ಕೇಳಲು ನಾಚಿದರೆ ಮಗು ಕೇಳಲು ಕಲಿಯುವುದು ಹೇಗೆ? ಬಂದ ನೆಂಟರಿಗೆ ಕೇಳುವ ಮೊದಲೇ ನೀರು ಕೊಡಿ. ಮಗುವಿಗೆ ಮಾತ್ರ ಕೇಳುವಷ್ಟು ಸಮಯ ಕೊಡಿ.